ಎರಡು ಪಾಯಿಂಟ್ ನಾಲ್ಕು

ರಂಜಕ: ಎರಡು ಪಾಯಿಂಟ್ ನಾಲ್ಕು.
ಚೀಟಿ ಓದಿದೆ. ದೆರಗೇವಾ ನಕ್ಕ:
"ಅಷ್ಟೇನಾ? ಹಡಗುಗಟ್ಟಲೆ ತುಂಬಿಸಿದವನು ನಾನು."

ನೌರು ದ್ವೀಪದ ಆಸ್ಪತ್ರೆ, ಬುಧವಾರ.
ಡಯಾಲಿಸಿಸ್ ಯಂತ್ರದಲ್ಲಿ ಅವನ ರಕ್ತ ಸುತ್ತುತ್ತಿದೆ.
ಹೊರಗೆ, ಐವೊ ತೀರದಲ್ಲಿ,
ತುಕ್ಕು ಹಿಡಿದ ಕ್ರೇನಿನ ತೋಳು
ಕಡಲಿಗೆ ಚಾಚಿ, ಖಾಲಿ.

ಕಲ್ಲಾದ ನೆಲವನ್ನು ಕೆರೆದು ಕೆರೆದು
ಯಾರದೋ ಗೋಧಿಗೆ ಕಳಿಸಿದರು.
ಉಳಿದದ್ದು ಸುಣ್ಣದ ಮೊನೆಗಳು,
ಕಾಲಿಡಲು ಜಾಗವಿಲ್ಲದ ನಡುದ್ವೀಪ.

ಹೋದದ್ದು ಈಗ
ಡಬ್ಬಿಯ ಮಾಂಸದಲ್ಲಿ, ಕೋಲಾದಲ್ಲಿ ವಾಪಸು ಬರುತ್ತದೆ.
ಸೋತ ಮೂತ್ರಪಿಂಡ ಹೊರಹಾಕದ್ದು
ಸುಣ್ಣದ ಕೈ ಹಿಡಿದು
ರಕ್ತನಾಳದ ಗೋಡೆಗೆ ಮೆತ್ತಿಕೊಳ್ಳುತ್ತದೆ.
ಮೈಯೆಲ್ಲ ತುರಿಕೆ, ರಾತ್ರಿಯಿಡೀ.

"ಹೃದಯಕ್ಕೆ ಒಳ್ಳೆಯದಲ್ಲ" ಅಂದೆ,
"ಊಟದ ಜೊತೆಗೇ ಮಾತ್ರೆ ಅಗಿಯಬೇಕು."
ಅಂಕಿ ಏರಿದ ಹಾಗೆ ಆಯುಷ್ಯ ಇಳಿಯುತ್ತದೆ
ಅನ್ನಲಿಲ್ಲ.
ತೋಳು ಕೆರೆಯುತ್ತ ಅವನೇ ಕೇಳಿದ:
"ಸಿಸ್ಟರ್, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡಿತಲ್ಲ,
ಅದು ಅಗೆದ ಮೇಲೆ ಉಳಿಯುವಂಥದ್ದೇ, ಅಲ್ಲವಾ?"

ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದೆ
ಹತ್ತು ನಿಮಿಷ.
ನನ್ನ ಬೆರಳ ಕೆಳಗೆ ಅವನ ರಕ್ತ
ದೂರದ ಹಳಿಯ ಮೇಲೆ
ತುಂಬಿದ ವ್ಯಾಗನ್ನು ಬರುವ ಹಾಗೆ
ಗುಡುಗುಡು ಅನ್ನುತ್ತಲೇ ಇತ್ತು.