ಹದಿನೇಳನೆಯ ಪುಟ

ಕತೆಯ ಮಾತು ಬಿಡು ಸೊಗಾಬೆ, ಒಪ್ಪಿದೆ.
ತಲೆಯಿಲ್ಲ, ಬುಡವಿಲ್ಲ, ಉಪ್ಪಿಲ್ಲ, ಹುಳಿಯಿಲ್ಲ.
ಸತ್ತ ಅಣ್ಣ ಮೂರನೆಯ ಸಲ ಎದ್ದು ಬಂದಿದ್ದಾನೆ,
ಮುಖವಾಡ ಕಳಚಿದರೆ ಒಳಗೆ ಮತ್ತೆ ಅಪ್ಪ.
ಆ ಹುಡುಗಿಗೆ ಅಳುವುದೊಂದೇ ಉದ್ಯೋಗ,
ವಾರವಾರವೂ, ಅದೇ ಸೇತುವೆಯ ಮೇಲೆ.
ನನ್ನ ಮೊಮ್ಮಗಳು ಇದಕ್ಕಿಂತ ಚೆಂದ ಸುಳ್ಳು ಹೇಳುತ್ತಾಳೆ,
ಹಲ್ಲುಜ್ಜಿ ಆಯ್ತು ಅಂತ.

ಆದರೂ ಬಾ ಇಲ್ಲಿ. ಕೈ ಒರೆಸಿಕೊ.
ಈ ಭೂತಗನ್ನಡಿ ಹಿಡಿ.
ಓಡುತ್ತಿರುವ ಆ ಪೆದ್ದನನ್ನು ನೋಡಬೇಡ,
ಅವನ ಬಾಯಿಂದ ಹೊರಟ ಗುಳ್ಳೆಯನ್ನು ಓದಬೇಡ,
ಅವನ ಹಿಂದೆ ನೋಡು.

ರೈಲು ಗೇಟು. ಇನ್ನೇನು ಇಳಿಯಲಿರುವ ಅಡ್ಡಗಂಬ.
ತೋಫು ಅಂಗಡಿಯ ಅರ್ಧ ಎಳೆದ ಶಟರು,
ಅದರಡಿಯಿಂದ ಹರಿದು ಬಂದ ನೀರು,
ಆ ಬೀದಿಯ ಇಳಿಜಾರು ಬಾಯಿಪಾಠವಾದ ನೀರು.
ಮೇಲೆ ಕರೆಂಟಿನ ತಂತಿ, ಒಂದೊಂದರ ಜೋಲಿಯೂ ಬೇರೆ,
ಯಾವುದು ಹಳೆಯದು, ಯಾವುದು ಈಚೆಗೆ ಬಿಗಿದದ್ದು
ಬೆರಳಿಟ್ಟು ಹೇಳಬಹುದು.
ಮಹಡಿಯ ಕಂಬಿಗೆ ನೇತ ಒಂಟಿ ಕಾಲುಚೀಲ.
ಅದರ ಜೋಡಿ ಎಲ್ಲಿ ಹೋಯಿತೆಂದು
ಅರ್ಧ ರಾತ್ರಿ ಯೋಚಿಸಿದ್ದೇನೆ.
ಸತ್ತ ಅಣ್ಣ ಹೇಗೆ ಬದುಕಿದನೆಂದು
ಒಂದು ಗಳಿಗೆಯೂ ಇಲ್ಲ.

ಮತ್ತೆ ಈ ಕತ್ತಲು.
ಅಂಗಡಿಯಿಂದ ತಂದ ಚುಕ್ಕೆಹಾಳೆ ಕತ್ತರಿಸಿ ಅಂಟಿಸಿದ್ದಲ್ಲ.
ಗೆರೆ. ಗೆರೆಯ ಮೇಲೆ ಗೆರೆ, ಉದ್ದಕ್ಕೆ ಅಡ್ಡ, ಅಡ್ಡಕ್ಕೆ ಓರೆ,
ಮಣಿಕಟ್ಟು ಸೋಲುವ ತನಕ ಕೂತು
ಯಾರೋ ಕಪ್ಪನ್ನು ನೇಯ್ದಿದ್ದಾರೆ.
ಅಲ್ಲಲ್ಲಿ ಸಾಸಿವೆಯಷ್ಟು ಬಿಳಿ ಬಿಟ್ಟಿದ್ದಾರೆ,
ಕತ್ತಲು ಅಲ್ಲಿಂದ ಉಸಿರಾಡುತ್ತದೆ.
ಮುಖಪುಟದಲ್ಲಿ ಹೆಸರಿದ್ದವರೋ,
ದಿನಗೂಲಿಗೆ ಹಿನ್ನೆಲೆ ತುಂಬುವ ಹುಡುಗಿಯೋ,
ನನಗೆ ತಿಳಿಯದು.

ತೋದಾದ ಈ ಅಚ್ಚುಮನೆಯಲ್ಲಿ ಮೂವತ್ತೊಂದು ವರ್ಷ
ಮಸಿಯ ಹದ ನೋಡಿದವಳು ನಾನು.
ನಮ್ಮ ಕಾಗದ ಗೊತ್ತಲ್ಲ,
ರದ್ದಿ ಅರೆದು ಗುಲಾಬಿ ಬಳಿದದ್ದು,
ಎಂಥ ಕಪ್ಪು ಕೊಟ್ಟರೂ ಕುಡಿದು ಬೂದು ಕಾರುತ್ತದೆ.
ಹೋದ ವಾರ ರಾತ್ರಿ ಪಾಳಿಯಲ್ಲಿ
ಈ ಪುಟ ಬೂದಾಗಿ ಇಳಿಯತೊಡಗಿತು.
ಯಂತ್ರ ನಿಲ್ಲಿಸಿದೆ.
ನಾಲ್ಕು ನಿಮಿಷ.
ಮೇಸ್ತ್ರಿ ಉಓಝುಮಿ ಏದುಸಿರು ಬಿಡುತ್ತ ಬಂದರು,
ಏನಾಯ್ತು ಓಬುಚಿ ಅವರೇ?
ರೋಲರು, ಅಂದೆ.
ರೋಲರಿಗೆ ಏನೂ ಆಗಿರಲಿಲ್ಲ.
ಮಸಿಯ ಕೀಲಿಯನ್ನು ಎರಡು ಹಲ್ಲು ತಿರುಗಿಸಿದೆ, ಅಷ್ಟೆ.
ಅಣ್ಣನ ಪುನರ್ಜನ್ಮದ ಪುಟ ಮಸುಕಾಗಿದ್ದರೆ
ಚಹಾ ಕುಡಿಯಲು ಹೋಗುತ್ತಿದ್ದೆ,
ಯಾರಿಗೂ ಹೇಳಬೇಡ.

ಇವತ್ತು ಬೆಳಿಗ್ಗೆ ಮನೆಗೆ ಹೋಗುವ ರೈಲಿನಲ್ಲಿ
ಎದುರಿಗೆ ಒಬ್ಬ ಶಾಲೆಯ ಹುಡುಗ,
ಕೈಯಲ್ಲಿ ಅದೇ ಸಂಚಿಕೆ.
ನನ್ನ ಎದೆ ಡವಗುಟ್ಟಿತು, ನಗಬೇಡ.
ಹದಿನೈದು. ಹದಿನಾರು.
ಹದಿನೇಳು ಬಂತು, ಹೋಯಿತು,
ರೆಪ್ಪೆ ಬಡಿಯುವಷ್ಟೂ ನಿಲ್ಲಲಿಲ್ಲ.
ಇಪ್ಪತ್ತರಲ್ಲಿ ಅಣ್ಣ ಎದ್ದು ಕೂತಾಗ ಮಾತ್ರ
ಬಾಯಿ ತೆರೆದು ಹಾಗೇ ಉಳಿದ.
ಸಿಟ್ಟು ಬರಬೇಕಿತ್ತು. ಬರಲಿಲ್ಲ.
ಅವನಿಗೂ ಅಣ್ಣನೊಬ್ಬ ಇದ್ದಿರಬಹುದು.

ವರಾಬಿಯಲ್ಲಿ ಇಳಿದ, ಪುಸ್ತಕ ಕಂಕುಳಲ್ಲಿ.
ಅವನು ಒರಗಿದ್ದ ಬಾಗಿಲ ಗಾಜಿನ ಮೇಲೆ
ಹೆಬ್ಬೆರಳಿನದೊಂದು ಗುರುತು,
ಅದರ ಸುಳಿಸುಳಿ ಗೆರೆಗಳ ಸಮೇತ.
ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ ನೋಡಿದೆ.
ಅಚ್ಚ ಕಪ್ಪು.