ಒಂದು ಚಿಟಿಕೆ

ಗಾಜಿನ ಪೆಟ್ಟಿಗೆಯ ಬೀಗದ ಕೈ
ಮೂವತ್ತೊಂದು ವರ್ಷದಿಂದ ನನ್ನ ಬಳಿಯೇ ಇದೆ.
ವಿನೆಗರ್ ಚಿಮುಕಿಸಿ, ಹಳೇ ಬನಿಯನ್ನಿನ ಚೂರಿನಿಂದ
ನಾನೇ ಒರೆಸುತ್ತೇನೆ.
ಒಳಗೆ ಮಾಸಿದ ಕೆಂಪು ಮಖಮಲ್ಲು, ಅದರ ಮೇಲೆ ಎರಡು ಮೂಳೆ:
ಹೆಬ್ಬೆರಳು, ತೋರುಬೆರಳು.
ಸಂತ ಬರೀಕಾಳವು.

ಕಡಲಾಚೆ, ಆಫ್ರಿಕದ ದಡದಲ್ಲಿ ಉಪ್ಪು ಮಾರುತ್ತಿದ್ದಳಂತೆ.
ಗಂಡನಿಲ್ಲ. ಕತ್ತೆಯೊಂದಿತ್ತು.
ಓದು ಬಾರದು, ತಕ್ಕಡಿ ಬರುತ್ತಿತ್ತು.
ಅಧಿಕಾರಿ ಕೆಟ್ಟವನೇನಲ್ಲ, ಅವನಿಗೂ ಊಟದ ಹೊತ್ತು.
"ಚಕ್ರವರ್ತಿಯ ಹೆಸರಲ್ಲಿ ಕೆಂಡಕ್ಕೆ ಒಂದು ಚಿಟಿಕೆ ಧೂಪ ಹಾಕು,
ಮನೆಗೆ ಹೋಗು. ನಂಬು ಅಂತ ಯಾರು ಹೇಳಿದರು?
ಒಂದು ಚಿಟಿಕೆ ಎಷ್ಟು ತೂಗೀತು?"

ಉಪ್ಪಿನವಳು ನಕ್ಕಳಂತೆ.
"ಚಿಟಿಕೆಯ ತೂಕ ತಕ್ಕಡಿಗೆ ಗೊತ್ತಾಗದು ಸ್ವಾಮಿ,
ಗಡಿಗೆಗೆ ಗೊತ್ತಾಗುತ್ತದೆ."

ಮೊದಲು ಆ ಎರಡು ಬೆರಳು. ಮಿಕ್ಕದ್ದು ಸಂಜೆಗೆ.
ಕತ್ತೆ ಏನಾಯಿತೋ ಯಾರೂ ಬರೆದಿಡಲಿಲ್ಲ.

ಮುಂದೆ ಯಾವುದೋ ಯುದ್ಧಕ್ಕೆ ಹೆದರಿ ಓಡಿ ಬಂದವರು
ಉಪ್ಪುಮೀನಿನ ಜಾಡಿಯಲ್ಲಿ ಬಚ್ಚಿಟ್ಟು
ಈ ದ್ವೀಪಕ್ಕೆ ತಂದರು.
ಪಲೆರ್ಮೊದ ಡಾಕ್ಟರೊಬ್ಬ ಕನ್ನಡಕ ಹಣೆಗೇರಿಸಿ ಅಂದ:
ಒಂದು ಹೆಂಗಸಿನದು, ಇನ್ನೊಂದು ಕುರಿಯದ್ದೂ ಇರಬಹುದು.
ಇರಲಿ. ಕುರಿಯೂ ಯಾರದೋ ಕೈಯಲ್ಲೇ ಸತ್ತದ್ದು.

ಮಾರ್ಚ್ ಒಂಬತ್ತಕ್ಕೆ ಅವಳ ಹಬ್ಬ.
ಅಂದು ಊರಿಗೆಲ್ಲ ಸಪ್ಪೆ ರೊಟ್ಟಿ.
ಪೂಜೆ ಮುಗಿದ ಮೇಲೆ ಪಾದ್ರಿ ದೋನ್ ಎಜಿದಿಯೊ
ಒಬ್ಬೊಬ್ಬರ ಅಂಗೈಗೂ ಚಿಟಿಕೆ ಉಪ್ಪು ಉದುರಿಸುತ್ತಾರೆ.
ಮಕ್ಕಳು ನಿಂತಲ್ಲೇ ನೆಕ್ಕುತ್ತವೆ.
ಬಲೆಯವರು ಕಾಗದದಲ್ಲಿ ಕಟ್ಟಿ ದೋಣಿಗೆ ಒಯ್ಯುತ್ತಾರೆ.

ಅಣ್ಣ ನುಂಟ್ಸಿಯೊ ಹೋದ ದೋಣಿಯ ಹಲಗೆ ಮೊದಲೇ ಕೊಳೆತಿತ್ತು,
ಒತ್ತಿದರೆ ಬೆರಳು ಒಳಗಿಳಿಯುತ್ತಿತ್ತು.
ಒತ್ತಿ ನೋಡಿದವಳು ನಾನೇ.
ಯಜಮಾನ ಕಾಗದ ತಂದ, ಶಾಯಿಯ ಡಬ್ಬಿಯನ್ನೂ.
"ದೋಣಿ ಗಟ್ಟಿಯಿತ್ತು ಅಂತ ಬರೆದಿದೆ.
ಒಂದು ಹೆಬ್ಬೆಟ್ಟು ಕ್ರೊಚಿಫಿಸ್ಸಾ, ಅಷ್ಟೇ. ಹೋದವನು ಬರುತ್ತಾನೆಯೇ?"
ಅವನೂ ಕೆಟ್ಟವನೇನಲ್ಲ.
ನನ್ನ ಮಗಳ ಜ್ವರಕ್ಕೆ ಔಷಧಿ ತಂದುಕೊಟ್ಟಿದ್ದ.

ಒತ್ತಿದೆ.
ಇಷ್ಟೇ ಇಷ್ಟು ಶಾಯಿ. ನಿಂಬೆಹುಳಿಗೆ ಹೋಯಿತು.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರೆ.
ತಿಂದವಳು ನಾನು.
ಕುಡಿದವನು ಅಣ್ಣ.

ಅತ್ತಿಗೆ ಇಂದಿಗೂ ಚರ್ಚಿನಲ್ಲಿ ನನ್ನ ಪಕ್ಕವೇ ಕೂರುತ್ತಾಳೆ,
ಏನೂ ಕೇಳುವುದಿಲ್ಲ, ಸ್ವಲ್ಪ ಸರಿದು ಜಾಗ ಬಿಡುತ್ತಾಳೆ.

ಗಾಜು ಒರೆಸುವಾಗ ನನ್ನ ಹೆಬ್ಬೆಟ್ಟಿನ ಗುರುತು ಬೀಳುತ್ತದೆ,
ಸರಿಯಾಗಿ ಅವಳ ಬೆರಳಿನ ಎದುರಿಗೆ.
ಅಳಿಸುತ್ತೇನೆ. ಅಳಿಸಿದ ಕೈಯೇ ಮತ್ತೆ ತಗಲುತ್ತದೆ.

ಹಬ್ಬದ ಉಪ್ಪನ್ನು ನಾನು ಬಾಯಿಗೆ ಹಾಕುವುದಿಲ್ಲ.
ಮುಷ್ಟಿ ಬಿಗಿದು ಮನೆಗೆ ತಂದು
ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತೇನೆ. ಮೂವತ್ತೊಂದು ಚಿಟಿಕೆ.

ಮೊನ್ನೆ ಮೀನಂಗಡಿಯಲ್ಲಿ ಯಾರೂ ಇಲ್ಲದಾಗ ತಕ್ಕಡಿಗೆ ಸುರಿದೆ.
ಮುಳ್ಳು ಅಲ್ಲಾಡಿತು.