ನಾಲ್ಕು ಅಂಕದ ಪ್ರಶ್ನೆ

ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ.
ಎ ಫ್ರೆಂಡ್ ಇನ್ ನೀಡ್ ಈಸ್ ಎ ಫ್ರೆಂಡ್ ಇನ್‌ಡೀಡ್,
ಅರ್ಥ ವಿಸ್ತರಿಸಿ ಬರೆಯಿರಿ. ನಾಲ್ಕು ಅಂಕ.
ಗೈಡಿನಲ್ಲಿದ್ದ ಕರಡಿಯನ್ನು
ಮೂವತ್ತೆಂಟು ಮಂದಿ ಇದ್ದ ಹಾಗೇ ಇಳಿಸಿದೆವು,
ಮರ ಹತ್ತಿದವನು, ಉಸಿರು ಬಿಗಿಹಿಡಿದು ಮಲಗಿದವನು.

ಚೆನ್ನಾಜಿ ಮಾತ್ರ ಒಂದೇ ಸಾಲು ಬರೆದಳು:
‘ಕಷ್ಟದಲ್ಲಿ ಇರುವವಳೇ ನಿಜವಾದ ಗೆಳತಿ.’

ಜವರೇಶಪ್ಪ ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು.
ಹಾಸನದ ಆ ಹೆಂಚಿನ ಕೋಣೆ ಬಿದ್ದು ಬಿದ್ದು ನಕ್ಕಿತು.
‘ಆಪತ್ತಿಗಾದವನೇ ನೆಂಟ,
ಅಷ್ಟು ಬರೆದಿದ್ರೂ ಎರಡು ಕೊಡ್ತಿದ್ದೆ.’
‘ನೆಂಟ ಅಂದ್ರೆ ನಮ್ ಚಿಕ್ಕಪ್ಪ ಸಾರ್,
ಫ್ರೆಂಡ್ ಎಲ್ಲಿ ಹೋದ್ಳು?’
ಸೊನ್ನೆ. ಕೆಂಪು ಶಾಯಿ ಹಾಳೆಯ ಬೆನ್ನಿಗೂ ಒಸರಿತ್ತು.
ನನಗೆ ನಾಲ್ಕಕ್ಕೆ ನಾಲ್ಕು.

ಆಮೇಲೆ ಅವಳು ಆಲೂಗೆಡ್ಡೆ ಮಂಡಿಗೆ ಹೋದಳು,
ಬಿತ್ತನೆ ಗೆಡ್ಡೆ ಹೋಳು ಮಾಡುವ ಕೆಲಸ;
ಹೋಳಿಗೆ ಒಂದಾದರೂ ಕಣ್ಣಿರಬೇಕು,
ಕುರುಡು ಹೋಳು ಮೊಳೆಯೋದಿಲ್ಲ.
ನಾನು ಬಸ್ ಸ್ಟ್ಯಾಂಡ್ ಹಿಂದೆ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟೆ.

ಅಂಗಡಿ ಮುಳುಗಿದ ವರ್ಷ
ಯಾರಿಗೂ ಹೇಳಲಿಲ್ಲ.
ಶಟರ್ ಅರ್ಧ ಎಳೆದು, ಬಟ್ಟೆಯಿಲ್ಲದ ಮಿಷನ್ ತುಳಿಯುತ್ತಿದ್ದೆ,
ಬೀದಿಗೆ ಸದ್ದು ಕೇಳಲಿ ಅಂತ.
ನೆಂಟರು ಬಂದರೆ ಟೀಗೆ ಸಕ್ಕರೆ ಜಾಸ್ತಿ ಹಾಕುತ್ತಿದ್ದೆ.
ನೆರವಿಗೆ ಬರುವವರಿದ್ದರು, ಖಂಡಿತ ಇದ್ದರು.
ಕೇಳಬೇಕಿತ್ತಲ್ಲ.

ಒಂದು ಬೆಳಿಗ್ಗೆ ಶಟರ್ ಕೆಳಗೆ ಎರಡು ಪಾದ,
ಬೆರಳ ಸಂದಿಯಲ್ಲಿ ಕೆಮ್ಮಣ್ಣು.
ಚೆನ್ನಾಜಿ ಬಗ್ಗಿ ಒಳಗೆ ಬಂದು, ಕೂರದೆಯೇ,
‘ಮುನ್ನೂರು ರೂಪಾಯಿ ಬೇಕು ಕಣೆ, ಇದ್ರೆ ಕೊಡು.’
ಯಾಕೆ ಅಂತ ಹೇಳಲಿಲ್ಲ. ನಾಚಿಕೊಳ್ಳಲೂ ಇಲ್ಲ,
ಸೂಜಿ ಕೇಳಿದ ಹಾಗೆ ಕೇಳಿದಳು.
ಡ್ರಾಯರು, ಪರ್ಸು, ಗುಂಡಿ ಡಬ್ಬಿಯ ತಳ ಕೆದಕಿ
ಇನ್ನೂರ ಎಂಬತ್ತಾಯಿತು.
ಎಣಿಸದೆ ಸೆರಗಿಗೆ ಕಟ್ಟಿಕೊಂಡಳು.

ಅವಳು ಮತ್ತೆ ಶಟರಿಗೆ ಬಗ್ಗುವಷ್ಟರಲ್ಲಿ
ನನ್ನ ಬಾಯಿಂದ ತಾನಾಗಿ ಬಿತ್ತು:
‘ಚೆನ್ನಾಜಿ, ಮೂರು ತಿಂಗಳಿಂದ ಬಾಡಿಗೆ ಕಟ್ಟಿಲ್ಲ.’
ತಿರುಗಿ ಬಂದಳು. ಕತ್ತರಿ ಪಕ್ಕಕ್ಕೆ ಸರಿಸಿ
ಈಗ ಕೂತಳು.

ಆ ಮುನ್ನೂರು, ಅಲ್ಲ, ಇನ್ನೂರ ಎಂಬತ್ತು,
ಅವಳು ವಾಪಸು ಕೊಟ್ಟಿಲ್ಲ, ನಾನೂ ಕೇಳಿಲ್ಲ.
ನಿಜವಾಗಿ ಬೇಕಿತ್ತೋ ಇಲ್ಲವೋ,
ಅದನ್ನೂ ಕೇಳಿಲ್ಲ.

ಮೊನ್ನೆ ಮಗಳು ಅದೇ ಗಾದೆ ಹಿಡಿದು ಬಂದಳು,
ನಾಳೆ ಟೆಸ್ಟಂತೆ.
‘ಅಂಕಕ್ಕಾದರೆ ಕರಡಿ ಬರಿ’ ಅಂದೆ.
‘ಅರ್ಥಕ್ಕೆ?’
‘ಪೆನ್ನು ಮನೇಲಿ ಬಿಟ್ಟು ಹೋಗು.
ಮೊದಲು ಯಾರ ಕಡೆ ತಿರುಗ್ತೀಯ, ನೋಡು.’